ಮಣಿಯ ಮನೆ ವಿಮಾನ ಹತ್ತಿದ್ದು

ಪಟ್ಟಂದೂರು ಅಗ್ರಹಾರದ ಅಶ್ವತ್ಥಮ್ಮನವರು ತಮ್ಮ ಜೀವಮಾನದಲ್ಲಿ ಒಮ್ಮೆ ಮಾತ್ರ ವಿಮಾನ ಹತ್ತಿದ್ದಾರೆ. ಕಾಶಿಗೂ ಅಲ್ಲ, ನೆಂಟರ ಮದುವೆಗೂ ಅಲ್ಲ. ತಮ್ಮ ಬಾಡಿಗೆ ಕೋಣೆಯಲ್ಲಿದ್ದು ತೀರಿಕೊಂಡ ಹುಡುಗಿಯೊಬ್ಬಳ ಕಂಪ್ಯೂಟರನ್ನು ಅವಳ ತಾಯಿಗೆ ಮುಟ್ಟಿಸಿ ಬರಲು ಹೋಗಿದ್ದರು.

ಅವರ ತವರು ಚಿಕ್ಕಬಾಣಾವರ. ಗೋಪಾಲಪ್ಪನವರ ಕೈಹಿಡಿದು ಅಗ್ರಹಾರಕ್ಕೆ ಬಂದಾಗ ಊರ ಸುತ್ತ ರಾಗಿ, ಅವರೆ, ಹುರುಳಿ. ಬೆಳಗಾಗೆದ್ದು ಹೊಲಕ್ಕೆ ಹೋದರೆ ಕತ್ತಲಾಗುವ ಹೊತ್ತಿಗೆ ಮನೆ. ಆಮೇಲೆ ಹೊಲ ಐಟಿ ಪಾರ್ಕಿಗೆ ಹೋಯಿತು. ರಾಗಿ ಬಡಿಯುತ್ತಿದ್ದ ಕಣದ ಮೇಲೆ ಈಗ ಕಾರು ನಿಲ್ಲಿಸುತ್ತಾರೆ. ಬಂದ ದುಡ್ಡಿನಲ್ಲಿ ಗೋಪಾಲಪ್ಪ ಹಳೇ ಮನೆ ಕೆಡವಿ, ಮಹಡಿ ಮೇಲೆ ಮಹಡಿ ಎಬ್ಬಿಸಿ, ಸಾಲಾಗಿ ಕೋಣೆಗಳನ್ನು ಕಟ್ಟಿಸಿದರು. ಬಣ್ಣ ಬಳಿಸುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು. ಮಗ ಶಿವಶಂಕರ ನೀರಿನ ಟ್ಯಾಂಕರ್ ಓಡಿಸುವ ವ್ಯವಹಾರ ಹಿಡಿದ. ಸೊಸೆ ದಿವ್ಯಾಗೆ ಹೂಡಿಯ ಶಾಲೆಯೊಂದರ ಆಫೀಸಿನಲ್ಲಿ ಕೆಲಸ. ಹಾಗಾಗಿ ಬಾಡಿಗೆಯವರ ಉಸ್ತುವಾರಿಯೆಲ್ಲ ಅಶ್ವತ್ಥಮ್ಮನವರ ಪಾಲಿಗೆ ಬಂತು. ನೀರು ಪೋಲು ಮಾಡಿದರೆ ಮೆಟ್ಟಿಲ ಕೆಳಗೆ ನಿಂತೇ ಬೈಯುತ್ತಿದ್ದರು. ಯಾರದಾದರೂ ಕೋಣೆಯಲ್ಲಿ ಒಲೆ ಹಚ್ಚಿಲ್ಲವೆಂದು ಗೊತ್ತಾದರೆ ಮುದ್ದೆ, ಸಾರು ಕಳಿಸುತ್ತಿದ್ದರು. ಎರಡನ್ನೂ ಒಂದೇ ಮುಖದಲ್ಲಿ ಮಾಡುತ್ತಿದ್ದರು.

ಅಂಥ ಮನೆಗೆ ಜುನ್‌ಮಣಿ ಬಂದಳು. ಅಸ್ಸಾಮಿನವಳು. ಐಟಿ ಪಾರ್ಕಿನೊಳಗಿನ ಕಾಫಿ ಅಂಗಡಿಯಲ್ಲಿ ಕೆಲಸ. ಮೈಕಟ್ಟು ಸಣ್ಣದು, ನಗು ದೊಡ್ಡದು. ಪೂರ್ತಿ ಹೆಸರು ಬಾಯಿಗೆ ತಿರುಗದೆ ಅಶ್ವತ್ಥಮ್ಮನವರು ಅವಳನ್ನು ‘ಮಣಿ’ ಎಂದರು. ಅವಳು ಮೊದಲು ‘ಆಂಟಿ’ ಎನ್ನುತ್ತಿದ್ದಳು. ಒಂದು ಹಬ್ಬದ ದಿನ ಒಬ್ಬಟ್ಟು ತಿಂದ ಮೇಲೆ ‘ಅಮ್ಮ’ ಎನ್ನತೊಡಗಿದಳು.

ಮಣಿಯ ಕೋಣೆಯಲ್ಲಿ ಮಂಚವಿರಲಿಲ್ಲ, ಟಿವಿ ಇರಲಿಲ್ಲ. ಇದ್ದದ್ದು ಒಂದು ಕಂಪ್ಯೂಟರ್. ಅದನ್ನೂ ಅವಳು ಒಂದೇ ಸಲ ಕೊಂಡವಳಲ್ಲ. ಸಂಬಳ ಬಂದಾಗೊಮ್ಮೆ ಒಂದೊಂದು ಭಾಗ ತಂದು, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ತಾನೇ ಜೋಡಿಸಿದ್ದಳು. ಒಂದು ಸಂಜೆ ಅಶ್ವತ್ಥಮ್ಮನವರು ನೀರಿನ ವಾಲ್ವ್ ತಿರುಗಿಸಲು ಮೇಲೆ ಹೋದಾಗ ಬಾಗಿಲು ತೆರೆದಿತ್ತು. ಪರದೆಯ ಮೇಲೊಂದು ಮನೆ ಕಂಡಿತು. ಬಿದಿರಿನ ಗೋಡೆ, ತಗಡಿನ ಮಾಡು, ಅಂಗಳದ ಅಂಚಿನಲ್ಲಿ ಬಾಳೆ. ಮಣಿ ಬೆರಳಾಡಿಸಿದರೆ ಮನೆ ತಿರುಗುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಒಳಗೆ ಹೋಗಿ ನಿಂತಂತೆ ಆಗುತ್ತಿತ್ತು.

“ಇದ್ಯಾರ ಮನೆ ಮಗ?”

“ನನ್ನ ಮನೆ, ಅಮ್ಮ. ಈಗ ಇಲ್ಲ. ನದಿ ತಿಂದ್ಬಿಡ್ತು.”

ಅವಳ ಊರು ಬ್ರಹ್ಮಪುತ್ರ ನದಿಯ ನಡುವಿನ ಮಾಜುಲಿ ದ್ವೀಪದಲ್ಲಿತ್ತು. ಮಳೆಗಾಲ ಬಂದಾಗೆಲ್ಲ ನದಿ ದಡವನ್ನು ಕಚ್ಚುತ್ತ ಕಚ್ಚುತ್ತ ಬಂದು, ಅವಳು ಸಣ್ಣವಳಿದ್ದಾಗ ಅವರ ಮನೆ, ಹಿತ್ತಲು, ದನದ ಕೊಟ್ಟಿಗೆ ಎಲ್ಲವನ್ನೂ ಒಯ್ದಿತ್ತು. ಅಂದಿನಿಂದ ಅವರ ಸಂಸಾರ ಪ್ರವಾಹ ತಡೆಯುವ ಏರಿಯ ಮೇಲೆ ಗುಡಿಸಲು ಹಾಕಿಕೊಂಡಿತ್ತು. ಹಳೆಯ ಮನೆಯದೊಂದು ಫೋಟೋ ಕೂಡ ಉಳಿದಿರಲಿಲ್ಲ. ನೆನಪಿನಲ್ಲಿದ್ದದ್ದನ್ನು ಕೆದಕಿ ಕೆದಕಿ ಮಣಿ ಅದನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದಳು. ಇದೇ ವಿದ್ಯೆಯಲ್ಲಿ ಕೆಲಸ ಸಿಕ್ಕೀತೆಂಬ ಆಸೆಯೂ ಇತ್ತು. ಆದರೆ ಮೊದಲ ಆಸೆ ತಾಯಿಗೆ ತೋರಿಸುವುದು.

ಅಶ್ವತ್ಥಮ್ಮನವರು ಹೊಸ್ತಿಲ ಮೇಲೇ ಕೂತರು. ಬಹಳ ಹೊತ್ತು ನೋಡಿದರು. “ನಮ್ದೂ ಒಂದ್ ಬಾವಿ ಇತ್ತು ಕಣವ್ವ, ಆ ಗಾಜಿನ್ ಬಿಲ್ಡಿಂಗ್ ಇಂದೆ,” ಎಂದರು. “ಬಾವಿ ಎಷ್ಟು ಅಗಲ ಅಮ್ಮ?” ಎಂದು ಮಣಿ ಕೇಳಿದಳು. ಅದನ್ನು ಅದುವರೆಗೆ ಯಾರೂ ಅವರನ್ನು ಕೇಳಿರಲಿಲ್ಲ.

ಆ ವರ್ಷದ ಮಾಘದಲ್ಲಿ, ಅಸ್ಸಾಮಿನವರ ಸುಗ್ಗಿ ಹಬ್ಬಕ್ಕೆ ಊರಿಗೆ ಹೋಗುವಾಗ ಕಂಪ್ಯೂಟರನ್ನೂ ಒಯ್ಯಬೇಕೆಂದು ಮಣಿ ನಿಶ್ಚಯಿಸಿದಳು. ಪರದೆ ಬೇಡ, ಅಲ್ಲಿ ಪಕ್ಕದ ಮನೆಯ ಟಿವಿಗೆ ವೈರು ಚುಚ್ಚಿದರೆ ಸಾಕು. ಆದರೆ ಪೆಟ್ಟಿಗೆ ದೊಡ್ಡದು. ಅದಕ್ಕೆ ಅಂಗಡಿಯವರು ಕ್ಯಾಬಿನೆಟ್ ಎನ್ನುತ್ತಾರೆ. ಮಣಿಯದು ಮೊಣಕಾಲೆತ್ತರ ಇತ್ತು, ಒಂದು ಬದಿಗೆ ಗಾಜು. ಜೊತೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಅಂಥದ್ದೇ ಪೆಟ್ಟಿಗೆಯನ್ನು ಪಾರ್ಸೆಲ್ ಮಾಡಿ, ಗಾಜು ಚೂರಾಗಿ, ಒಳಗಿನ ಭಾಗ ಕಿತ್ತುಬಂದು ಅತ್ತಿದ್ದನ್ನು ಅವಳು ಕಂಡಿದ್ದಳು. ವಿಮಾನದ ಹೊಟ್ಟೆಗೆ ಹಾಕುವ ಸಾಮಾನನ್ನೂ ಎತ್ತಿ ಎಸೆಯುತ್ತಾರೆ. ಕೈಯಲ್ಲೇ ಒಯ್ಯಬೇಕು. ಕೈಯಲ್ಲಿ ಒಯ್ಯುವುದಕ್ಕೆ ಅಳತೆಯಿದೆ, ಏಳು ಕೆಜಿ ಮೀರಬಾರದೆಂಬ ಕಟ್ಟಳೆಯಿದೆ. ಹಾಗಾಗಿ ಭಾಗಗಳನ್ನೆಲ್ಲ ಚಿಕ್ಕ ಪೆಟ್ಟಿಗೆಗೆ ಬದಲಿಸಬೇಕು.

“ಲ್ಯಾಪ್‌ಟಾಪ್ ತಗೊಂಬಿಡೇ ಮಾರಾಯ್ತಿ,” ಎಂದಳು ದಿವ್ಯಾ.

“ಅಕ್ಕ, ನನ್ನ ಮನೆ ತುಂಬ ಭಾರ. ಅದನ್ನ ಎತ್ತೋ ಲ್ಯಾಪ್‌ಟಾಪ್ ಕೊಳ್ಳೋಕೆ ನಂಗೆ ಆಗಲ್ಲ,” ಎಂದು ಮಣಿ ನಕ್ಕಳು.

ಒಂದು ಭಾನುವಾರ ಅಶ್ವತ್ಥಮ್ಮನವರ ಬ್ಲೌಸಿನ ಅಳತೆಯ ಟೇಪು ಹಿಡಿದು, ಅವರನ್ನೇ ಜೊತೆಗೆ ಕರೆದುಕೊಂಡು ಹೂಡಿಯಲ್ಲಿದ್ದ ಮುತ್ತುವಿನ ಅಂಗಡಿಗೆ ಹೋದಳು. ಮುತ್ತು ಯಾದಗಿರಿ ಕಡೆಯವನು. ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ಅವನ ಕಸುಬು. ಅವನು ಮೂರು ಕ್ಯಾಬಿನೆಟ್ ತೆಗೆದು ಮೇಜಿನ ಮೇಲಿಟ್ಟ. ಮೊದಲನೆಯದು ಚಪ್ಪಲಿ ಡಬ್ಬಿಯಷ್ಟೇ ಇತ್ತು.

“ಇದರಾಗ ನಿಮ್ಮ ಬೋರ್ಡ್ ಕುಂದ್ರಂಗಿಲ್ರಿ. ಬೋರ್ಡ್ ಬದಲಿಸಬೇಕಾಗ್ತದ, ಪ್ರೊಸೆಸರ್‌ಗೂ ಹೊಂದಬೇಕು. ಸುಮ್ನ ತಲಿಬ್ಯಾನಿ,” ಎಂದ.

ಎರಡನೆಯದು ಬಿಳಿ ಬಣ್ಣದ್ದು, ಒಂದು ಬದಿ ಗಾಜು, ಒಳಗೆ ಬಣ್ಣದ ದೀಪ. ಎಲ್ಲ ಭಾಗವೂ ಹಿಡಿಸುತ್ತಿತ್ತು. ಮೂರನೆಯದು ಕಪ್ಪು ತಗಡಿನದು. ಎರಡೂ ಬದಿಗೆ ಜಾಲರಿ, ನೆತ್ತಿಯ ಮೇಲೊಂದು ಹಿಡಿಕೆ. ಅದರಲ್ಲೂ ಎಲ್ಲ ಹಿಡಿಸುತ್ತಿತ್ತು, ಗ್ರಾಫಿಕ್ಸ್ ಕಾರ್ಡ್ ಎಂಬ ಉದ್ದನೆಯ ಭಾಗ ಮಾತ್ರ ಕೂದಲೆಳೆಯಷ್ಟು ಜಾಗ ಬಿಟ್ಟು ಕೂರುತ್ತಿತ್ತು. ಮಣಿ ಟೇಪು ಹಿಡಿದು ಎರಡನ್ನೂ ಮತ್ತೆ ಮತ್ತೆ ಅಳೆದಳು. ಎತ್ತಿ ನೋಡಿದಳು. ಬಿಳಿಯದರ ಮೇಲೆ ಅವಳ ಕಣ್ಣು, ಕರಿಯದರ ಮೇಲೆ ಅವಳ ಬುದ್ಧಿ.

“ಅಮ್ಮ, ಯಾವುದು?”

“ನಂಗೇನ್ ಗೊತ್ತವ್ವ? ಇಡ್ಕೆ ಇರೋದು ತಗೋ. ಎತ್ಕೊಂಡ್ ಓಗಕ್ಕೆ ಸಲೀಸು.”

“ಬಿಳಿದು ನಮ್ಮಮ್ಮಂಗೆ ಇಷ್ಟ ಆಗತ್ತೆ.”

“ಅಂಗಾರೆ ಬಿಳೀದೇ ತಗೋ.”

ಮಣಿಗೆ ಮನಸ್ಸು ನಿಲ್ಲಲಿಲ್ಲ. ಮುಂದಿನ ಸಂಬಳಕ್ಕೆ ಬರುತ್ತೇನೆಂದಳು. ದಾರಿಯಲ್ಲಿ ಇಬ್ಬರೂ ಸುಟ್ಟ ಜೋಳ ತಿಂದುಕೊಂಡು ಮನೆಗೆ ನಡೆದರು.

ಅದು ಮಳೆ ನಿಂತು ಸೊಳ್ಳೆ ಎದ್ದ ಕಾಲ. ಮಣಿಗೆ ಜ್ವರ ಬಂತು. ಮೈಕೈ ನೋವೆಂದಳು, ಕಣ್ಣು ಬಿಡಲಾಗುತ್ತಿಲ್ಲವೆಂದಳು. ಅಶ್ವತ್ಥಮ್ಮನವರು ಮೆಣಸು, ಶುಂಠಿಯ ಕಷಾಯ ಕುಡಿಸಿ, ಹೊದಿಸಿ ಮಲಗಿಸಿದರು. ನಾಲ್ಕನೆಯ ದಿನ ಜ್ವರ ಇಳಿಯಿತು. ಇಳಿಯಿತಲ್ಲ ಎಂದು ಗಂಜಿ ಕೊಟ್ಟು ಸಮಾಧಾನಪಟ್ಟರು. ಆದರೆ ಆ ಜ್ವರ ಇಳಿದ ಮೇಲೆಯೇ ಕೊಲ್ಲುವ ಜಾತಿಯದು. ಸಂಜೆ ಹೊತ್ತಿಗೆ ವಸಡಿನಲ್ಲಿ ರಕ್ತ ಕಂಡಿತು. ಶಿವಶಂಕರ ಆಟೋ ತಂದ, ದಿವ್ಯಾ ಆಸ್ಪತ್ರೆಯಲ್ಲಿ ಜೊತೆಗೆ ಕೂತಳು. ಡೆಂಗಿ ಎಂದರು. ರಕ್ತ ಕೊಟ್ಟರು, ಐಸಿಯುಗೆ ಹಾಕಿದರು. ಮಣಿ ಒಮ್ಮೆ ಕಣ್ಣು ಬಿಟ್ಟು, “ಅಮ್ಮ, ಕಂಪ್ಯೂಟರ್ ಆಫ್ ಮಾಡಿದ್ದೀರಾ?” ಎಂದು ಕೇಳಿದಳು. “ಮಾಡಿವ್ನಿ ಕಣವ್ವ,” ಎಂದರು ಅಶ್ವತ್ಥಮ್ಮನವರು. ಅವರು ಅದನ್ನು ಮುಟ್ಟಿಯೂ ಇರಲಿಲ್ಲ. ಮಣಿ ಉಳಿಯಲಿಲ್ಲ.

ಅವಳ ತಂದೆ ಬಂದ. ಮಾಜುಲಿಯಲ್ಲಿ ದೋಣಿ ನಡೆಸುವ, ಮೀನು ಹಿಡಿಯುವ ಮನುಷ್ಯ. ಊರವರು ಕೂಡಿಸಿ ಕೊಟ್ಟ ಟಿಕೆಟ್ಟಿನಲ್ಲಿ ಮೊದಲ ಸಲ ವಿಮಾನದಲ್ಲಿ ಬಂದಿದ್ದ. ಮಗಳ ದೇಹವನ್ನು ಅದೇ ದಾರಿಯಲ್ಲಿ ವಾಪಸು ಒಯ್ಯಬೇಕಿತ್ತು. ಇಲ್ಲಿರುವ ಅಸ್ಸಾಮಿನವರ ಸಂಘದವರು ಓಡಾಡಿ ಕಾಗದಪತ್ರ ಮಾಡಿಸಿದರು. ಕೋಣೆ ಖಾಲಿ ಮಾಡಲು ಬಂದಾಗ ಅವನು ಮಗಳ ಬಟ್ಟೆಯನ್ನೂ ಚಪ್ಪಲಿಯನ್ನೂ ಒಂದು ಬ್ಯಾಗಿಗೆ ತುಂಬಿದ. ಆಮೇಲೆ ಕಂಪ್ಯೂಟರಿನ ಮುಂದೆ ನಿಂತು, ಆ ಎತ್ತರದ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಹಿಂದಿಯಲ್ಲಿ ಏನೋ ಕೇಳಿದ.

“ಏನಂತೆ?” ಎಂದರು ಅಶ್ವತ್ಥಮ್ಮನವರು.

ದಿವ್ಯಾ ಕನ್ನಡದಲ್ಲಿ ಹೇಳಿದಳು: “ಮನೆ ಇದರೊಳಗೇ ಇದ್ಯಾ ಅಂತ ಕೇಳ್ತಾವ್ರೆ ಅತ್ತೆ. ಮಗಳು ಹಬ್ಬಕ್ಕೆ ಮನೆ ತರ್ತೀನಿ ಅಂದಿದ್ಲಂತೆ. ಅವರಮ್ಮ ದಾರಿ ನೋಡ್ತಿದ್ರಂತೆ.”

ಶವಪೆಟ್ಟಿಗೆಯ ಜೊತೆ ಹೊರಟವನು ಇನ್ನೊಂದು ಪೆಟ್ಟಿಗೆಯನ್ನು ಹೇಗೆ ಒಯ್ದಾನು? ಅವನು ಅದರ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದ. ಅಶ್ವತ್ಥಮ್ಮನವರು ಕನ್ನಡದಲ್ಲೇ ಹೇಳಿದರು: “ನಾನ್ ತಂದ್ಕೊಡ್ತೀನಿ. ಓಗ್ಬಾ ನನ್ನಪ್ಪ.” ದಿವ್ಯಾ ಅದನ್ನು ಹಿಂದಿಯಲ್ಲಿ ಹೇಳುವಾಗ ಅತ್ತೆ ಬಾಯಿಮಾತಿಗೆ ಅಂದರೆಂದೇ ತಿಳಿದಿದ್ದಳು.

ಮಾತಿಗೆ ಅಂದದ್ದಲ್ಲ. ಅಶ್ವತ್ಥಮ್ಮನವರಿಗೆ ಊಟ ಸೇರುತ್ತಿರಲಿಲ್ಲ. ಕಷಾಯ ಕಾಯಿಸಿದ ಪಾತ್ರೆಯನ್ನು ತೊಳೆದು ಅಟ್ಟಕ್ಕೆ ಹಾಕಿದ್ದರು. “ಆವತ್ತೇ ಆಸ್ಪತ್ರೆಗೆ ಕರ್ಕೊಂಡೋಗಿದ್ರೆ...” ಎಂದು ತರಕಾರಿ ಹೆಚ್ಚುವಾಗ, ನೀರು ಬಿಡುವಾಗ ತಮ್ಮಷ್ಟಕ್ಕೆ ಅನ್ನುತ್ತಿದ್ದರು. ಡಾಕ್ಟರು ಯಾರ ತಪ್ಪೂ ಅಲ್ಲವೆಂದು ಹೇಳಿದ್ದನ್ನು ದಿವ್ಯಾ ಎಷ್ಟು ಸಲ ನೆನಪಿಸಿದರೂ ಅದು ಅವರ ಕಿವಿಯ ಹೊರಗೇ ನಿಲ್ಲುತ್ತಿತ್ತು.

“ಒಳಗಿರೋ ಡಿಸ್ಕ್ ಒಂದ್ನ ಬಿಚ್ಚಿ ಕೊರಿಯರ್ ಮಾಡಿದ್ರಾಯ್ತು ಕಣಮ್ಮ,” ಎಂದ ಶಿವಶಂಕರ. “ನೀನ್ಯಾಕೆ ಅಲ್ಲೀಗಂಟ ಓಗ್ಬೇಕು?”

“ಡಿಸ್ಕ್ ತಗೊಂಡು ಆ ಏರಿ ಮ್ಯಾಲೆ ಅವ್ರು ಏನ್ ಮಾಡ್ತಾರೋ? ಗೋಡೆಗೆ ತಗುಲಾಕ್ತಾರಾ? ಮನೆ ನೋಡ್ಬೇಕು ಅಂತ ಕೂತವ್ಳೆ ಆ ತಾಯಿ.”

ಶಿವಶಂಕರ ವಿಮಾನದ ಟಿಕೆಟ್ ಮಾಡಿಸಿದ. ದಿವ್ಯಾ ಜೊತೆಗೆ ಹೋಗುವುದೆಂದು ಆಯಿತು.

ಹೀಗೆ ಅಶ್ವತ್ಥಮ್ಮನವರು ಮತ್ತೆ ಮುತ್ತುವಿನ ಅಂಗಡಿ ಮೆಟ್ಟಿಲು ಹತ್ತಿದರು. ಮಣಿಯ ಕಂಪ್ಯೂಟರ್ ಆಟೋದಲ್ಲಿ, ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಂದಿತ್ತು.

“ಆ ಹುಡುಗಿ ಬರಲಿಲ್ಲೇನ್ರಿ ಅಮ್ಮಾರ?” ಎಂದು ಮುತ್ತು ಕೇಳಿದ. ವಿಷಯ ತಿಳಿದ ಮೇಲೆ ಕುರ್ಚಿಯಿಂದ ಎದ್ದು ನಿಂತ. ಮೇಜಿನ ಮೇಲಿನ ಸ್ಕ್ರೂಗಳನ್ನು ಒಂದು ಕಡೆ ಗುಡಿಸಿದ. ಆಮೇಲೆ ಅದೇ ಬಿಳಿ ಕ್ಯಾಬಿನೆಟ್, ಅದೇ ಕರಿ ಕ್ಯಾಬಿನೆಟ್ ತಂದಿಟ್ಟ.

ಅಶ್ವತ್ಥಮ್ಮನವರು ಬಿಳಿಯದರ ಗಾಜನ್ನು ಬೆರಳಿನಿಂದ ತಟ್ಟಿದರು. ಮಣಿ ಅದನ್ನು ನೋಡಿ ನಕ್ಕದ್ದು ನೆನಪಾಯಿತು. ತಾಯಿಗೆ ಇಷ್ಟವಾಗುತ್ತದೆ ಎಂದಿದ್ದಳು. ದಿವ್ಯಾ ಕೂಡ, “ಬಿಳೀದೇ ತಗೊಳ್ಳೋಣ ಅತ್ತೆ, ಅವಳಿಗೆ ಆಸೆ ಇತ್ತಲ್ಲ,” ಎಂದಳು.

“ದಾರೀಲಿ ಒಡೆದೋದ್ರೆ?” ಎಂದರು ಅವರು ಮುತ್ತುವಿನ ಮುಖ ನೋಡಿ.

“ಒಡಿಯಂಗಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ? ದೋಣಿ, ರೈಲ, ವಿಮಾನ ಎಲ್ಲ ಹತ್ತಬೇಕು. ತೂಕಾನೂ ಗಾಜಿನದೇ ಜಾಸ್ತಿ.”

ಅಶ್ವತ್ಥಮ್ಮನವರು ಕರಿಯದರ ಹಿಡಿಕೆ ಹಿಡಿದು ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು. “ಇದೇ ಇರ್ಲಿ,” ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗಿ ಆಸೆಪಟ್ಟದ್ದನ್ನು ಬಿಟ್ಟು ಬೇರೆಯದನ್ನು ಆರಿಸಿದ್ದು ಅವರನ್ನು ಆಮೇಲೂ ಬಹಳ ದಿನ ಕುಟುಕಿತು.

ಮುತ್ತು ಒಂದೊಂದೇ ಭಾಗವನ್ನು ಬಿಚ್ಚಿ ಹೊಸ ಕ್ಯಾಬಿನೆಟ್ಟಿಗೆ ಕೂರಿಸಿದ. ತಕ್ಕಡಿಗೆ ತೂಗುಹಾಕಿದರೆ ಏಳು ಕೆಜಿಗಿಂತ ಹೆಚ್ಚು ಬಂತು. ಕರೆಂಟು ಕೊಡುವ ದಪ್ಪ ಡಬ್ಬಿಯನ್ನು ತೆಗೆದು ಚಿಕ್ಕದನ್ನು ಹಾಕಿದ. ಬೇಡದ ತಗಡು, ಹೆಚ್ಚಿನ ಫ್ಯಾನು ಬಿಚ್ಚಿದ ಮೇಲೆ ತೂಕ ಕಟ್ಟಳೆಯೊಳಗೆ ಬಂತು. ಗ್ರಾಫಿಕ್ಸ್ ಕಾರ್ಡ್ ಕುಲುಕಾಟಕ್ಕೆ ಮುರಿದೀತೆಂದು ಅದನ್ನು ಬೇರೆ ಮಾಡಿ, ಬಟ್ಟೆಯಲ್ಲಿ ಸುತ್ತಿ ದಿವ್ಯಾಳ ಬ್ಯಾಗಿಗೆ ಕೊಟ್ಟ. ಅಲ್ಲಿ ಹೋದ ಮೇಲೆ ಹೇಗೆ ಚುಚ್ಚಬೇಕೆಂದು ಅವಳ ಕೈಯಲ್ಲೇ ಮಾಡಿಸಿ ತೋರಿಸಿದ. ಪಾಸ್‌ವರ್ಡನ್ನು ದಿವ್ಯಾ ಮಣಿಯ ತಂದೆಯಿಂದ ಫೋನಿನಲ್ಲಿ ಕೇಳಿಕೊಂಡಿದ್ದಳು. ಅದು ಅವರ ಹಸುವಿನ ಹೆಸರು. ಮುತ್ತು ತನ್ನ ಅಂಗಡಿಯ ಪರದೆಗೆ ಹಾಕಿ ಪರೀಕ್ಷೆ ಮಾಡಿದಾಗ ಬಾಳೆಗಿಡದ ಪಕ್ಕದ ಆ ಮನೆ ಕಂಡಿತು. ಅಂಗಡಿಯಲ್ಲಿದ್ದ ಗಿರಾಕಿಯೊಬ್ಬ, “ಸಕ್ಕತ್ತಾಗಿದೆ ಗುರು, ಯಾವ್ ಗೇಮು?” ಎಂದ. ಮುತ್ತು ಪರದೆ ಆರಿಸಿದ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಪೆಟ್ಟಿಗೆಯನ್ನು ಬ್ಯಾಗಿನಿಂದ ಹೊರಗೆ ತೆಗೆಸಿದರು. ತಟ್ಟೆಯಲ್ಲಿಟ್ಟು ಯಂತ್ರದೊಳಗೆ ಬಿಟ್ಟರು, ಮತ್ತೆ ಹೊರತೆಗೆದು ಜಾಲರಿಯ ಮೇಲೆ ಏನೋ ಕಡ್ಡಿ ಆಡಿಸಿದರು. “ಏನಿದು ಮಾತಾಜಿ?” ಎಂದು ಸಮವಸ್ತ್ರದವನು ಹಿಂದಿಯಲ್ಲಿ ಕೇಳಿದ. ಅಶ್ವತ್ಥಮ್ಮನವರಿಗೆ ಮಾತು ಅರ್ಥವಾಗದಿದ್ದರೂ ಏನು ಕೇಳುತ್ತಿದ್ದಾನೆಂದು ತಿಳಿಯಿತು. “ಮನೆ ಕಣಪ್ಪ,” ಎಂದರು. ದಿವ್ಯಾ ಮುಂದೆ ಬಂದು ಕಂಪ್ಯೂಟರ್ ಎಂದು ಬಿಡಿಸಿ ಹೇಳಿದಳು. ವಿಮಾನದೊಳಗೆ ಅವರು ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಕೂತರು. ಪೆಟ್ಟಿಗೆಯನ್ನು ಮೇಲಿನ ಖಾನೆಯಲ್ಲಿ ಇಡಬೇಕೆಂದು ಗಗನಸಖಿ ಹೇಳಿದಾಗ, ಅದಕ್ಕೆ ಆನಿಸಿ ಬೇರೆ ಯಾರೂ ಸಾಮಾನು ಹಾಕದಂತೆ ದಾರಿಯುದ್ದಕ್ಕೂ ಕತ್ತೆತ್ತಿ ಕಾದರು.

ಗುವಾಹಟಿಯಲ್ಲಿ ಇಳಿದು ರೈಲು ಹಿಡಿದರು. ಜೋರ್ಹಾಟಿನಿಂದ ದೋಣಿ ನಿಲ್ಲುವ ದಡಕ್ಕೆ, ಅಲ್ಲಿಂದ ದೊಡ್ಡ ದೋಣಿ. ಬ್ರಹ್ಮಪುತ್ರವನ್ನು ನೋಡಿ ಅಶ್ವತ್ಥಮ್ಮನವರು ಬೆರಗಾದರು. ಅದು ಅವರು ಕಂಡ ಯಾವ ಕೆರೆಯಂತೆಯೂ, ಹೊಳೆಯಂತೆಯೂ ಇರಲಿಲ್ಲ. ಸದ್ದಿಲ್ಲದೆ, ಮಂದವಾಗಿ, ಕೆಸರುಬಣ್ಣದಲ್ಲಿ ಹರಿಯುತ್ತಿತ್ತು. ಇಷ್ಟು ಸಾಧುವಾಗಿ ಕಾಣುವುದು ಒಂದು ಊರನ್ನೇ ತಿಂದಿತೆಂದರೆ ನಂಬುವುದು ಕಷ್ಟವಾಯಿತು. ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕೂತರು.

ಮಣಿಯ ತಾಯಿ ಏರಿಯ ಮೇಲೆ ಕಾಯುತ್ತಿದ್ದಳು. ಮಗಳಂತೆಯೇ ಸಣ್ಣ ಮೈಕಟ್ಟು. ಇಬ್ಬರು ಹೆಂಗಸರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅವಳು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಮುಂದೆ ಮಾಡಿದಳು. ಅದೊಂದು ಇಬ್ಬರಿಗೂ ಗೊತ್ತಿದ್ದದ್ದು. ಅಶ್ವತ್ಥಮ್ಮನವರು ಎಲೆಯನ್ನು ತೆಗೆದುಕೊಂಡು, ಬಾಯಿಗೆ ಹಾಕಲಾರದೆ ಆ ಹೆಂಗಸಿನ ಕೈ ಹಿಡಿದು ಅತ್ತುಬಿಟ್ಟರು. “ನಾನ್ ಉಳಿಸ್ಕೊಳ್ಳಕ್ಕಾಗ್ನಿಲ್ಲ ಕಣವ್ವ, ಜ್ವರ ಅಂತ ಸುಮ್ನಾಗ್ಬಿಟ್ಟೆ,” ಎಂದರು. ದಿವ್ಯಾ ಅದನ್ನು ಹಿಂದಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ತಾಯಿ ಅವರ ಬೆನ್ನನ್ನು ನೀವುತ್ತ ತಾನೂ ಅತ್ತಳು.

ಪಕ್ಕದ ಮನೆಯಲ್ಲಿ ಟಿವಿ ಇತ್ತು. ದಿವ್ಯಾ ಮುತ್ತು ಹೇಳಿಕೊಟ್ಟಂತೆ ಕಾರ್ಡ್ ಕೂರಿಸಿ, ವೈರು ಚುಚ್ಚಿದಳು. ಕರಿಯ ಪೆಟ್ಟಿಗೆಯೊಳಗೆ ಫ್ಯಾನು ತಿರುಗಿತು. ಏರಿಯ ಮೇಲಿದ್ದ ನೆರೆಯವರೆಲ್ಲ ಬಾಗಿಲಲ್ಲಿ ಗುಂಪುಗಟ್ಟಿದರು. ಮನೆ ಬಂತು. ಯಾರೋ ಮುದುಕರು ‘ಹಾ’ ಎಂದರು. ಮಣಿಯ ತಂದೆ ನೆಲ ನೋಡುತ್ತ ಕೂತ. ದಿವ್ಯಾ ಬಾಗಿಲು ತೆರೆದು ಒಳಗೆ ಹೋದಳು. ಅಡಿಗೆಮನೆಗೆ ಮಾಡು ಹಾಕುವುದು ಇನ್ನೂ ಬಾಕಿಯಿತ್ತು. ಗೋಡೆಯೊಂದು ಬಣ್ಣವಿಲ್ಲದೆ ಬೂದಿಯಂತೆ ನಿಂತಿತ್ತು. ಹೊರಗೆ ಸೂರಿನ ಕೆಳಗೆ ಒಂದು ಕೈಮಗ್ಗ.

ತಾಯಿ ಎದ್ದು ಟಿವಿಯ ಹತ್ತಿರ ಹೋದಳು. ಮಗ್ಗದ ಮೇಲೆ ಬೆರಳಿಟ್ಟು ಏನೋ ಹೇಳಿದಳು. ತಂದೆ ದಿವ್ಯಾಗೆ ಹಿಂದಿಯಲ್ಲಿ ತಿಳಿಸಿದ, ದಿವ್ಯಾ ಅತ್ತೆಗೆ.

“ಮಗ್ಗ ಈ ಕಡೆ ಇರ್ಲಿಲ್ವಂತೆ ಅತ್ತೆ. ಹಿಂದಗಡೆ ಇತ್ತಂತೆ, ಹಲಸಿನ ಮರದ ಹತ್ರ. ಮಣಿ ಆಗ ಚಿಕ್ಕೋಳು, ಮರ್ತಿರ್ಬೇಕು. ಸರಿ ಮಾಡಕ್ಕಾಗತ್ತಾ ಅಂತ ಕೇಳ್ತಾವ್ರೆ.”

ದಿವ್ಯಾ ಮೌಸ್ ಹಿಡಿದು ಅಲ್ಲಿ ಇಲ್ಲಿ ಒತ್ತಿದಳು. ಮಗ್ಗ ಅಲ್ಲಾಡಲಿಲ್ಲ. ಒಂದು ಸಲ ಮನೆಯೆಲ್ಲ ತಲೆಕೆಳಗಾಗಿ, ಅವಳು ಗಾಬರಿಯಿಂದ ಹಿಂದಿನಂತೆ ಮಾಡಿದಳು. ಅಲ್ಲಿ ಯಾರಿಗೂ ಅದು ಬರುತ್ತಿರಲಿಲ್ಲ. ಬರುತ್ತಿದ್ದವಳು ಇರಲಿಲ್ಲ. ತಾಯಿ ಕೈಯಾಡಿಸಿ, ಬೇಡ, ಇರಲಿ ಬಿಡು ಎಂಬಂತೆ ತಲೆಯಾಡಿಸಿದಳು. ಆದರೆ ಅಲ್ಲಿಂದ ಕದಲಲಿಲ್ಲ. ಮಗಳು ತಪ್ಪಾಗಿ ನೆನೆದಿದ್ದ ಜಾಗವನ್ನೇ ನೋಡುತ್ತ ಕೂತಳು. ಮನೆಯವರು ಚಹಾ ತಂದುಕೊಟ್ಟರು. ಅದು ಆರಿತು.

ಅಶ್ವತ್ಥಮ್ಮನವರು ಎರಡು ರಾತ್ರಿ ಅಲ್ಲಿದ್ದು ಊರಿಗೆ ಮರಳಿದರು. ಮಣಿಯ ಕೋಣೆ ಬೇಸಿಗೆಯವರೆಗೂ ಖಾಲಿಯಿತ್ತು. ಆಮೇಲೆ ಯಮನಪ್ಪ, ದುರ್ಗವ್ವ ಎಂಬ ಗಾರೆ ಕೆಲಸದ ಗಂಡಹೆಂಡತಿ ಬಂದರು.

ಮಳೆಗಾಲದಲ್ಲಿ ಮಾಜುಲಿಯಿಂದ ಫೋನು ಬಂತು. ಏರಿ ಒಂದು ಕಡೆ ಕುಸಿದಿತ್ತಂತೆ. ಜನ ಶಾಲೆಯಲ್ಲಿ ಇದ್ದರಂತೆ. ಕಂಪ್ಯೂಟರನ್ನು ತಂದೆ ತಲೆಯ ಮೇಲೆ ಹೊತ್ತು ತಂದಿದ್ದರೂ ತೇವ ಹತ್ತಿ ಅದು ಮತ್ತೆ ಚಾಲೂ ಆಗಲಿಲ್ಲವಂತೆ. ಒಳಗಿನ ಡಿಸ್ಕು ಉಳಿದಿರಬಹುದು, ಕಳಿಸಿದರೆ ನೋಡುತ್ತೇನೆಂದು ಮುತ್ತು ಹೇಳಿದ್ದನ್ನು ದಿವ್ಯಾ ಅವರಿಗೆ ತಿಳಿಸಿದಳು. ಕಳಿಸುತ್ತೇವೆಂದರು. ಕಳಿಸಲಿಲ್ಲ. ಅಶ್ವತ್ಥಮ್ಮನವರು ಫೋನು ಕಿವಿಗಿಟ್ಟುಕೊಂಡು, ಆ ಕಡೆ ಮಣಿಯ ತಾಯಿ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದರೆ ಕೇಳುತ್ತ, “ಊಂ ಕಣವ್ವ, ಊಂ,” ಎನ್ನುತ್ತಿದ್ದರು.